ಓಟು ನಮ್ಮದು, ಸಭೆಯ ತಾರೀಖು ಯಾರದು?

ಮೊದಲು ಒಂದು ಸಣ್ಣ ಲೆಕ್ಕ. ಕೊಪ್ಪಳ ನಗರಸಭೆ 31 ವಾರ್ಡು, ಗಂಗಾವತಿ ನಗರಸಭೆ 35, ಕುಷ್ಟಗಿ ಪುರಸಭೆ 23, ಯಲಬುರ್ಗಾ ಪಟ್ಟಣ ಪಂಚಾಯಿತಿ 15. ಒಟ್ಟು 104. 2018ರ ಆಗಸ್ಟ್ 31ಕ್ಕೆ ಈ ನಾಲ್ಕೂ ಊರಿನ ಜನ ಸಾಲಿನಲ್ಲಿ ನಿಂತು ಓಟು ಹಾಕಿದರು. ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. ಗೆದ್ದವರ ಮನೆ ಮುಂದೆ ಪಟಾಕಿ, ಹಾರ, ಮೆರವಣಿಗೆ. ಹಾಗಾದರೆ ಗೆದ್ದವರೆಲ್ಲ ಸಭೆಯಲ್ಲಿ ಕೂತು, ಅಧ್ಯಕ್ಷರನ್ನು ಆರಿಸಿ, ಕೆಲಸ ಶುರು ಮಾಡಿದ್ದು ಯಾವಾಗ? ಮುಂದಿನ ವಾರವಾ? ಮುಂದಿನ ತಿಂಗಳಾ?

ಅಲ್ಲ. 2020ರ ಕೊನೆಗೆ. ಎರಡು ವರ್ಷ ಆದ ಮೇಲೆ.

ಇದು ಹೇಗೆ ಆಯ್ತು ಅಂತ ಅರ್ಥ ಆಗಬೇಕಾದರೆ ಸ್ವಲ್ಪ ಇತಿಹಾಸ ನೋಡಬೇಕು. ಇವತ್ತಿನ ರಾಜಕೀಯವನ್ನಷ್ಟೇ ಬೈದರೆ ಸಾಲಲ್ಲ.

ನಮ್ಮ ನೆಲಕ್ಕೆ ಸಭೆ ಹೊಸದಲ್ಲ. ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಕಟ್ಟಿದ್ದು. ಆ ಕಾಲದ ಕನ್ನಡ ಶಾಸನಗಳನ್ನು ತೆಗೆದು ನೋಡಿ. ಅಗ್ರಹಾರದ ಮಹಾಜನರು ಕೂಡಿ ದಾನ ಒಪ್ಪಿಕೊಳ್ಳುತ್ತಾರೆ, ಹೊಲ, ಕೆರೆ, ಛತ್ರದ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಆದರೆ ಅಲ್ಲಿ ಕೂಡುವ ಹಕ್ಕು ಕೆಲವರಿಗೆ ಮಾತ್ರ ಇತ್ತು. ಹೊಲ ಉತ್ತವನಿಗೆ, ಬಟ್ಟೆ ನೇಯ್ದವನಿಗೆ ಆ ಜಗಲಿ ಮೇಲೆ ಜಾಗ ಇರಲಿಲ್ಲ. ಹಾಗಾಗಿ ಆ ಕಾಲವನ್ನು ಪ್ರಜಾಪ್ರಭುತ್ವ ಅಂತ ಕರೆದು ಎದೆ ತಟ್ಟಿಕೊಳ್ಳೋದು ಬೇಡ.

ಈಗ ಬ್ರಿಟಿಷರ ಕಾಲಕ್ಕೆ ಬನ್ನಿ. ಪಶ್ಚಿಮಕ್ಕೆ ಮುಂಬಯಿ ಪ್ರಾಂತ್ಯದ ಹುಬ್ಬಳ್ಳಿ, ಧಾರವಾಡದಲ್ಲಿ 1850ರ ದಶಕದಲ್ಲೇ ಮುನಿಸಿಪಾಲಿಟಿ ಬಂದಿತ್ತು. 1882ರಲ್ಲಿ ವೈಸ್‌ರಾಯ್ ಲಾರ್ಡ್ ರಿಪ್ಪನ್ ಒಂದು ನಿರ್ಣಯ ಹೊರಡಿಸಿದ. ಸ್ಥಳೀಯ ಸಂಸ್ಥೆಗಳಲ್ಲಿ ಸರ್ಕಾರಿ ಅಧಿಕಾರಿಗಳಿಗಿಂತ ಊರಿನವರೇ ಹೆಚ್ಚಿರಲಿ, ಆದಷ್ಟೂ ಚುನಾವಣೆ ನಡೆಯಲಿ ಅಂತ ಅದರ ಸಾರ. ಅದು ಬ್ರಿಟಿಷ್ ಇಂಡಿಯಾಕ್ಕೆ. ನಮ್ಮ ಕೊಪ್ಪಳ ಸೀಮೆ ಇದ್ದದ್ದು ನಿಜಾಮನ ಹೈದರಾಬಾದ್ ರಾಜ್ಯದಲ್ಲಿ. ಅದರಲ್ಲೂ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಅಂದರೆ ರಾಜ್ಯದೊಳಗೆ ಇನ್ನೊಂದು ಖಾಸಗಿ ಆಳ್ವಿಕೆ. ಊರಿನ ಚರಂಡಿ ಎಲ್ಲಿ ತೋಡಬೇಕು ಅಂತ ಊರಿನವರು ಕೈ ಎತ್ತಿ ತೀರ್ಮಾನಿಸುವ ಮಾತೇ ಇರಲಿಲ್ಲ. ಮೇಲಿನಿಂದ ಉರ್ದುವಿನಲ್ಲಿ ಹುಕುಂ ಬರುತ್ತಿತ್ತು, ಕೆಳಗಿನವರು ಪಾಲಿಸಬೇಕಿತ್ತು.

1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಶರಣಾಯ್ತು. 1949ರ ಆಗಸ್ಟ್‌ನಲ್ಲಿ ಜಹಗೀರು ರದ್ದಾಯ್ತು. 1951ರಲ್ಲಿ ಒಂದು, 1956ರಲ್ಲಿ ಇನ್ನೊಂದು ಪೌರಾಡಳಿತ ಕಾನೂನು ಬಂತು. ಅದೇ 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದ್ವಿ. ಆಗಿನ ಪರಿಸ್ಥಿತಿ ಹೇಗಿತ್ತು ಗೊತ್ತಾ? ಒಂದೇ ರಾಜ್ಯ, ಆದರೆ ಧಾರವಾಡಕ್ಕೆ ಮುಂಬಯಿ ಕಾನೂನು, ಬಳ್ಳಾರಿಗೆ ಮದರಾಸಿನದು, ಕೊಪ್ಪಳಕ್ಕೆ ಹೈದರಾಬಾದಿನದು, ಮೈಸೂರಿಗೆ ಮೈಸೂರಿನದು. ಎಲ್ಲವನ್ನೂ ಒಂದು ಮಾಡಿದ್ದು 1964ರ ಪುರಸಭೆಗಳ ಕಾಯ್ದೆ. ಇವತ್ತಿಗೂ ನಮ್ಮ ನಗರಸಭೆ, ಪುರಸಭೆ ನಡೆಯೋದು ಅದರ ಮೇಲೆಯೇ.

ಆ ಕಾಯ್ದೆಯ ಪ್ರಕಾರ ಸಭೆ ಹೇಗೆ ನಡೆಯುತ್ತೆ? ಅಜೆಂಡಾ ಬರುತ್ತೆ. ಸದಸ್ಯರು ಚರ್ಚೆ ಮಾಡ್ತಾರೆ. ಬಹುಮತದ ಮೇಲೆ ಠರಾವು ಪಾಸಾಗುತ್ತೆ, ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತೆ. ಎರಡೂ ಕಡೆ ಸಮ ಬಂದರೆ ಅಧ್ಯಕ್ಷರದು ನಿರ್ಣಾಯಕ ಮತ. ಅಧ್ಯಕ್ಷರನ್ನು ಆರಿಸುವುದು ಗುಪ್ತ ಮತದಾನದಲ್ಲಲ್ಲ. ಎಲ್ಲರ ಎದುರಿಗೆ ಕೈ ಎತ್ತಬೇಕು. ಇದರಲ್ಲಿ ಒಂದು ವಿಶೇಷ ಇದೆ. ಆ ಊರಿನ ಶಾಸಕರಿಗೂ, ಸಂಸದರಿಗೂ ಓಟಿದೆ. ಸರ್ಕಾರ ನಾಮಕರಣ ಮಾಡಿದ ಸದಸ್ಯರಿಗೆ ಮಾತಾಡುವ ಹಕ್ಕಿದೆ, ಓಟು ಇಲ್ಲ. ಪಕ್ಷಗಳ ಬಲ ಸಮ ಸಮ ಇರುವ ಊರಿನಲ್ಲಿ ಶಾಸಕರ ಒಂದು ಕೈ ಮೇಲಕ್ಕೆ ಹೋದರೆ ಇಡೀ ಊರಿನ ಅಧಿಕಾರ ಅತ್ತಿಂದಿತ್ತ ಆಗುತ್ತೆ. ಚುನಾವಣೆಗೆ ಮುಂಚೆ ಸದಸ್ಯರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪ್ರವಾಸಕ್ಕೆ ಕರೆದೊಯ್ಯುವ ದೃಶ್ಯ ನೀವು ಟಿವಿಯಲ್ಲಿ ಎಷ್ಟು ಸಲ ನೋಡಿಲ್ಲ ಹೇಳಿ?

ಆದರೆ ಈ ಗಲಾಟೆ ಎಲ್ಲ ಶುರುವಾಗೋದು ಸಭೆ ಕೂಡಿದರೆ ತಾನೆ! ಸಭೆಯೇ ಕೂಡದಿದ್ದರೆ?

ಇದು ಹಳೇ ರೋಗ. ದೇಶದ ತುಂಬ ಪುರಸಭೆಗಳನ್ನು ಸೂಪರ್‌ಸೀಡ್ ಮಾಡೋದು, ವರ್ಷಗಟ್ಟಲೆ ಚುನಾವಣೆ ನಡೆಸದೆ ಅಧಿಕಾರಿಗಳ ಕೈಗೆ ಕೊಡೋದು ನಡೆದೇ ಇತ್ತು. ಅದಕ್ಕೆ ಮದ್ದು ಅಂತ ಸಂವಿಧಾನಕ್ಕೆ 74ನೇ ತಿದ್ದುಪಡಿ ತಂದರು. ಅದು ಜಾರಿಗೆ ಬಂದದ್ದು 1993ರ ಜೂನ್ 1ಕ್ಕೆ. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು, ವಿಸರ್ಜಿಸಿದರೆ ಆರು ತಿಂಗಳಲ್ಲಿ ಮತ್ತೆ ಚುನಾವಣೆ. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು.

ನಾನು ಓದಿದ್ದು ಎಂಜಿನಿಯರಿಂಗು. ಯಂತ್ರ ಓಡದಿದ್ದರೆ ಬೈಯೋದಲ್ಲ, ಯಾವ ಕೊಂಡಿ ಸಡಿಲ ಆಗಿದೆ ಅಂತ ಹುಡುಕಬೇಕು ಅನ್ನೋದು ಅಲ್ಲಿ ಕಲಿತ ಪಾಠ. ಇಲ್ಲಿ ಸಡಿಲ ಕೊಂಡಿ ಯಾವುದು ನೋಡಿ. ಸಂವಿಧಾನದ 243-ಯು ವಿಧಿ ಹೇಳುತ್ತೆ, ಐದು ವರ್ಷದ ಅವಧಿ ಶುರುವಾಗೋದು ಮೊದಲ ಸಭೆಯ ದಿನದಿಂದ. ಓಟು ಹಾಕಿದ ದಿನದಿಂದ ಅಲ್ಲ! ಇತ್ತ ಅಧ್ಯಕ್ಷ ಸ್ಥಾನಕ್ಕೆ ಮೀಸಲಾತಿ ಪಟ್ಟಿ ಬೇಕು. ಪಟ್ಟಿ ಹೊರಡಿಸೋದು ರಾಜ್ಯ ಸರ್ಕಾರ. ಪಟ್ಟಿ ಇಲ್ಲದಿದ್ದರೆ ಅಧ್ಯಕ್ಷರ ಚುನಾವಣೆ ಇಲ್ಲ.

2018ರಲ್ಲಿ ಆಗಿದ್ದೂ ಅದೇ. ಎಣಿಕೆ ನಡೆದ ತಿಂಗಳೇ ಸರ್ಕಾರ ಪಟ್ಟಿ ಹೊರಡಿಸಿತು, ಮತ್ತೆ ಬದಲಿಸಿತು. ಸರದಿ ತಪ್ಪಿದೆ ಅಂತ ಹೈಕೋರ್ಟಿಗೆ ಅರ್ಜಿ ಹೋದವು. ಹೊಸ ಪಟ್ಟಿ ಬಂದದ್ದು 2020ರ ಅಕ್ಟೋಬರ್‌ಗೆ. ನಡುವೆ ಏನಾಯ್ತು ನೆನಪಿದೆಯಾ? ಕೊರೊನಾ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಜನ ಆರಿಸಿದ ಸದಸ್ಯರು ಊರಲ್ಲೇ ಇದ್ದರು, ಆದರೆ ಅವರು ಕೂಡುವ ಸಭೆ ಇರಲಿಲ್ಲ. ಸಂತೆ ಎಲ್ಲಿ ನಡೆಸಬೇಕು, ಯಾವ ಓಣಿಗೆ ನೀರಿನ ಟ್ಯಾಂಕರ್ ಹೋಗಬೇಕು, ಪೌರಕಾರ್ಮಿಕರಿಗೆ ಏನು ರಕ್ಷಣೆ ಕೊಡಬೇಕು, ಎಲ್ಲದಕ್ಕೂ ಅಧಿಕಾರಿಗಳದ್ದೇ ಸಹಿ. ಅವರು ದುಡಿಯಲಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ 'ನಮ್ಮ ವಾರ್ಡಿಗೆ ಯಾಕೆ ಬರಲಿಲ್ಲ?' ಅಂತ ಸಭೆಯಲ್ಲಿ ಎದ್ದು ನಿಂತು ಕೇಳುವ, ಆ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸುವ ಹಕ್ಕು ಯಾರಿಗಿತ್ತು?

ಮುಗೀತಾ? ಇಲ್ಲ. ಅಧ್ಯಕ್ಷರ ಅವಧಿ 30 ತಿಂಗಳು. ಅದು 2023ರ ಬೇಸಿಗೆಗೆ ಮುಗೀತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ವರ್ಷಕ್ಕೂ ಹೆಚ್ಚು ಕಾಲ ಕುರ್ಚಿ ಖಾಲಿ, ಮತ್ತೆ ಆಡಳಿತಾಧಿಕಾರಿ. ಆ ಹೊತ್ತಿಗೆ ಬಂದದ್ದು ಬರಗಾಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ತುಂಗಭದ್ರೆಯ ದಡದ ಜಿಲ್ಲೆಯಲ್ಲೇ ನೀರಿಗೆ ಪರದಾಟ. ಒಮ್ಮೆ ಮಹಾಮಾರಿ, ಒಮ್ಮೆ ಬರ. ಊರಿನ ಸಭೆ ಅತಿ ಹೆಚ್ಚು ಬೇಕಾಗಿದ್ದ ಎರಡೂ ಹೊತ್ತಿನಲ್ಲಿ ಅದಕ್ಕೆ ಬೀಗ.

ಇನ್ನೂ ಒಂದು ಮಾತು ಗಮನಿಸಿ. ಈ ಎರಡು ಅಂತರದ ಅವಧಿಯಲ್ಲಿ ವಿಧಾನಸೌಧದಲ್ಲಿ ಮೂರೂ ಪಕ್ಷಗಳು ಅಧಿಕಾರದ ರುಚಿ ನೋಡಿವೆ. 2018ರಲ್ಲಿ ಜೆಡಿಎಸ್-ಕಾಂಗ್ರೆಸ್ ಮೈತ್ರಿ, 2019ರಿಂದ ಬಿಜೆಪಿ, 2023ರಿಂದ ಕಾಂಗ್ರೆಸ್. ಹಾಗಾಗಿ ಒಬ್ಬರ ಕಡೆ ಬೆರಳು ತೋರಿಸಿ ಉಳಿದವರು ಜಾರಿಕೊಳ್ಳೋ ಹಾಗಿಲ್ಲ. ರಾಜಧಾನಿಯ ಕಥೆ ಇದಕ್ಕಿಂತ ಕಡೆ. ಬೆಂಗಳೂರಿನ ಪಾಲಿಕೆಗೆ ಜನ ಓಟು ಹಾಕಿದ್ದು 2015ರಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಅಲ್ಲೂ ಆಡಳಿತಾಧಿಕಾರಿಯೇ.

ಮೀಸಲಾತಿಯೇ ತಪ್ಪು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಿಂದೆ ಜಗಲಿ ಹತ್ತಲು ಬಿಡದವರ ಮಕ್ಕಳು ಇವತ್ತು ಅಧ್ಯಕ್ಷರ ಕುರ್ಚಿಯಲ್ಲಿ ಕೂರುವುದು ಅದರಿಂದಲೇ. ಸರದಿ ತಪ್ಪಿದ್ದರೆ ಕೋರ್ಟಿಗೆ ಹೋಗುವುದೂ ಅವರ ಹಕ್ಕು. ತಪ್ಪಿರುವುದು ವೇಳಾಪಟ್ಟಿ. ವಾರ್ಡಿನ ಮೀಸಲಾತಿಯನ್ನು ಚುನಾವಣೆಗೆ ಮೊದಲೇ ಪ್ರಕಟಿಸ್ತೀರಿ, ತಕರಾರು ಕೇಳ್ತೀರಿ. ಅಧ್ಯಕ್ಷ ಸ್ಥಾನದ ಎರಡೂ ಅವಧಿಯ ಪಟ್ಟಿಯನ್ನೂ ಆಗಲೇ ಪ್ರಕಟಿಸೋಕೆ ಏನು ಕಷ್ಟ? ಫಲಿತಾಂಶ ಬಂದ ಇಷ್ಟು ದಿನದೊಳಗೆ ಮೊದಲ ಸಭೆ ಕೂಡಲೇಬೇಕು ಅಂತ ಕಾಯ್ದೆಯಲ್ಲಿ ಒಂದು ಸಾಲು ಬರೆಯೋಕೆ ಏನು ಅಡ್ಡಿ?

ಮುಂದಿನ ಸಲ ಓಟು ಕೇಳೋಕೆ ನಿಮ್ಮ ಓಣಿಗೆ ಬಂದವರನ್ನು ರಸ್ತೆ, ಚರಂಡಿ, ನೀರಿನ ಬಗ್ಗೆ ಕೇಳಿ, ಬಿಡಬೇಡಿ. ಶಾಸಕರ ಚುನಾವಣೆ ಬಂದಾಗ ಮಾತ್ರ ಈ ಒಂದು ಪ್ರಶ್ನೆ ಸೇರಿಸಿ. 'ಸಾಹೇಬ್ರೇ, ನಮ್ಮ ಊರಿನ ಸಭೆಯಲ್ಲಿ ನಿಮಗೂ ಒಂದು ಓಟಿದೆ. ಆ ಸಭೆ ಎರಡು ವರ್ಷ ಕೂಡಲಿಲ್ಲ. ವಿಧಾನಸಭೆಯಲ್ಲಿ ನೀವು ಅದರ ಬಗ್ಗೆ ಎಷ್ಟು ಸಲ ಎದ್ದು ನಿಂತು ಮಾತಾಡಿದಿರಿ?' ಉತ್ತರ ಏನು ಬರುತ್ತೆ ಕೇಳಿಸಿಕೊಳ್ಳಿ. ಆಮೇಲೆ ಓಟು ಯಾರಿಗೆ ಅನ್ನೋದು ನಿಮ್ಮ ತೀರ್ಮಾನ.