ಉಲಿಯದ ಕೆ

ನೀ, ನಾಟ್, ನಿಟ್, ನೋ. ಇಂಗ್ಲಿಷಿನ ಈ ನಾಲ್ಕೂ ಪದಗಳಿಗೆ ನಾಲ್ಕು ನಾಲ್ಕೇ ಅಕ್ಷರ; ಎಲ್ಲವೂ ಶುರುವಾಗುವುದು ಕೆ ಅಕ್ಷರದಿಂದ. ಅರ್ಥ ಕ್ರಮವಾಗಿ ಮೊಣಕಾಲು, ಗಂಟು, ಹೆಣೆ, ತಿಳಿ. ಬರೆಯುವಾಗ ಇರುವ ಕೆ ಓದುವಾಗ ಕೇಳಿಸುವುದಿಲ್ಲ.

ಅದು ಮೊದಲಿನಿಂದಲೂ ಮೂಕವಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಸಿ ಬರೆದು, ‘ಕ್ನ’ ಎಂದೇ ಉಚ್ಚರಿಸುತ್ತಿದ್ದರು. 17ನೇ ಶತಮಾನದ ಹೊತ್ತಿಗೆ ಆ ಉಚ್ಚಾರ ಸವೆಯತೊಡಗಿತು. ಅಷ್ಟರಲ್ಲಾಗಲೇ ಮುದ್ರಣ ಬಂದು ಸ್ಪೆಲಿಂಗ್ ಬಹುಮಟ್ಟಿಗೆ ಗಟ್ಟಿಯಾಗಿತ್ತು. ಜರ್ಮನ್ನರು ಮೊಣಕಾಲಿಗೆ ಇಂದಿಗೂ ‘ಕ್ನೀ’ ಎನ್ನುತ್ತಾರೆ.

ನಾಟ್, ನಿಟ್ ಒಂದೇ ಬೇರಿನವು. ನಿಟ್ ಎಂದರೆ ಮೂಲದಲ್ಲಿ ಗಂಟು ಹಾಕುವುದು ಎಂದೇ ಅರ್ಥ. ಉಳಿದೆರಡರ ನಂಟು ನಮ್ಮವರೆಗೂ ಚಾಚಿದೆ, ನನಗೆ ಹೆಚ್ಚು ಇಷ್ಟವಾಗುವುದೂ ಅದೇ. ‘ನೋ’ ಪದಕ್ಕೆ ಸಂಸ್ಕೃತದ ‘ಜ್ಞಾ’ ಧಾತು ದಾಯಾದಿ, ‘ನೀ’ ಪದಕ್ಕೆ ‘ಜಾನು’. ನಾವು ವಿಜ್ಞಾನ, ಆಜಾನುಬಾಹು ಎಂದು ಬರೆಯುವಾಗ ಬರುವ ಜಕಾರವೂ ಇಂಗ್ಲಿಷಿನ ಆ ಕೆ ಕೂಡ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ಧ್ವನಿಯಿಂದ ಹುಟ್ಟಿದವು. ಸಾವಿರಾರು ವರ್ಷಗಳಲ್ಲಿ ಒಂದು ಕಡೆ ಜ ಆಯಿತು, ಇನ್ನೊಂದು ಕಡೆ ಕ ಆಗಿ ಕೊನೆಗೆ ಅಳಿಯಿತು.

ಮಕ್ಕಳಿಗೆ ಈ ಸ್ಪೆಲಿಂಗ್‌ಗಳನ್ನು ಬಾಯಿಪಾಠ ಮಾಡಿಸುವ ಮುನ್ನ ಈ ಕತೆಯನ್ನು ಹೇಳಿ.