ಸುರ್ಕಿ ಅರೆದ ಕೈಗಳು

ಆದವಾನಿ, ರಾಯದುರ್ಗ ಸೀಮೆಯ ಕಾಲುವೆಗೆ ನೀರು ಎಲ್ಲಿಂದ ಬರ್ತದೆ ಅಂದ್ರೆ ಚಿಕ್ಕ ಹುಡುಗರೂ ಹೇಳ್ತಾರೆ, ಹೊಸಪೇಟೆ ಡ್ಯಾಮಿಂದ ಅಂತ. ಆ ತುಂಗಭದ್ರಾ ಡ್ಯಾಮಿನ ಕಲ್ಲುಗಳನ್ನು ಹಿಡಿದಿಟ್ಟಿರೋದು ಏನು ಅಂದ್ರೆ ಮಾತ್ರ ದೊಡ್ಡವರೂ ಸುಮ್ಮನಾಗ್ತಾರೆ. 1945ರಲ್ಲಿ ಅಡಿಗಲ್ಲು ಇಟ್ಟು, 1953ರಲ್ಲಿ ನೀರು ಬಿಟ್ಟ ಆ ಅಣೆಕಟ್ಟಿನ ಗಾರೆಯಲ್ಲಿ ಸುರ್ಕಿ ಸೇರಿದೆ.

ಸುರ್ಕಿ ಅಂದ್ರೆ ಹದವಾಗಿ ಸುಟ್ಟ ಜೇಡಿಮಣ್ಣಿನ ನುಣ್ಣನೆ ಪುಡಿ. ಬರೀ ಸುಣ್ಣದ ಗಾರೆ ಗಾಳಿ ತಾಕಿ ನಿಧಾನವಾಗಿ ಗಟ್ಟಿಯಾಗ್ತದೆ, ನೀರೊಳಗೆ ನಿಲ್ಲೋದಿಲ್ಲ. ಸುರ್ಕಿ ಬೆರೆಸಿದರೆ ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ, ಅಲ್ಯೂಮಿನಾ ಸುಣ್ಣದ ಜೊತೆ ಕೂಡಿ ನೀರಿನಲ್ಲೂ ಬಿಗಿಯುತ್ತವೆ. ಹಿಂದೆ ರೋಮನ್ನರು ಇದೇ ಕೆಲಸಕ್ಕೆ ಜ್ವಾಲಾಮುಖಿಯ ಬೂದಿ ಬಳಸಿದರು. 1895ರಲ್ಲಿ ಮುಗಿದ ಮುಲ್ಲಪೆರಿಯಾರ್, 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, ಎರಡಕ್ಕೂ ಸುರ್ಕಿ ಗಾರೆಯೇ ಆಧಾರ. ಆಗ ಸಿಮೆಂಟು ಹಡಗಿನಲ್ಲಿ ಬರಬೇಕಿತ್ತು. ಪೋರಬಂದರಿನ ಕಾರ್ಖಾನೆ ಸಿಮೆಂಟು ತಯಾರಿಸಿದ್ದು 1914ರಲ್ಲಿ.

ಆಮೇಲೆ ಸಿಮೆಂಟು ಊರೂರಿಗೆ ಬಂತು. ಬೇಗ ಬಿಗಿಯುವ ಆ ಪುಡಿಯ ಮುಂದೆ ಸುರ್ಕಿ ಹಳೇ ಕಾಲದ್ದು ಅನ್ನಿಸಿಕೊಂಡಿತು. ಆದರೆ ಸಿಮೆಂಟಿಗೆ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡಬೇಕು. 100 ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗ್ತದೆ. ಉರುವಲಿನ ಹೊಗೆ ಬೇರೆ. ಮನುಷ್ಯರಿಂದ ಗಾಳಿಗೆ ಸೇರುವ ಈ ಅನಿಲದಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟಿನದೇ ಪಾಲು. ಬಿಸಿಲು ಹೆಚ್ಚಾದಾಗ, ಮಳೆ ಕೈಕೊಟ್ಟಾಗ ಮೊದಲು ಪೆಟ್ಟು ತಿನ್ನೋದು ಕೂಲಿ ಮಾಡುವ ನಾವು.

ಈಗ ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳ ವಿಜ್ಞಾನಿಗಳು ಕೂಡಿ ಎಲ್‌ಸಿ3 ಎಂಬ ಸಿಮೆಂಟು ರೂಪಿಸಿದ್ದಾರೆ. ಇದರಲ್ಲಿ ಸುಮಾರು ಅರ್ಧ ಮಾತ್ರ ಹಳೇ ಕ್ಲಿಂಕರ್. ಉಳಿದದ್ದು ಸುಮಾರು 800 ಡಿಗ್ರಿಯಲ್ಲಿ ಸುಟ್ಟ ಜೇಡಿಮಣ್ಣು, ಸುಡದ ಸುಣ್ಣದಕಲ್ಲಿನ ಪುಡಿ, ಒಂದಿಷ್ಟು ಜಿಪ್ಸಂ. ಇಂಗಾಲದ ಹೊರೆ ಶೇ. 30ರಿಂದ 40ರಷ್ಟು ಇಳೀತದೆ. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಬಂತು. ಸುರ್ಕಿ ಗಾರೆ, ಎಲ್‌ಸಿ3 ಎರಡೂ ಒಂದೇ ಅಲ್ಲ. ಆದರೆ ಸುಟ್ಟ ಮಣ್ಣು ಸುಣ್ಣದ ಜೊತೆ ಕೂಡಿ ಕಲ್ಲಾಗ್ತದೆ ಅನ್ನೋ ಗುಟ್ಟು ಒಂದೇ.

ಆ ಗುಟ್ಟನ್ನು ಕೈಯಲ್ಲಿ ಇಟ್ಟುಕೊಂಡಿದ್ದವರು ಯಾರು? ಗೂಡಿಗೆ ಉರಿ ಹಾಕಿದವರು, ಗಾರೆ ಗಾಣದ ಎತ್ತು ಹೊಡೆದವರು, ಗಾರೆ ಬುಟ್ಟಿ ಹೊತ್ತ ಹೆಂಗಸರು. ಮಣ್ಣು ಹೆಚ್ಚು ಬೆಂದರೆ ಸುರ್ಕಿಯ ಗುಣ ಹೋಗ್ತದೆ, ಕಡಿಮೆ ಬೆಂದರೆ ಮಣ್ಣಾಗೇ ಉಳೀತದೆ. ಆ ಹದ ಗೊತ್ತಿದ್ದ ಕಣ್ಣಿಗೆ ಯಾರೂ ವಿದ್ಯೆ ಅನ್ನಲಿಲ್ಲ, ಕೂಲಿ ಅಂದರು. ಇಂಜಿನಿಯರುಗಳ ಹೆಸರು ಪುಸ್ತಕದಲ್ಲಿವೆ, ಇವರ ಹೆಸರು ಹಾಜರಿ ಪಟ್ಟಿಯ ಜೊತೆಗೇ ಹೋದವು.

ಹಳೇ ಕಾಲ ಮತ್ತೆ ಬರಲಿ ಅಂತ ನಾನು ಹೇಳ್ತಿಲ್ಲ. ಸುಣ್ಣ ಕೈ ಸುಡ್ತದೆ, ಇಟ್ಟಿಗೆ ದೂಳು ಎದೆ ಹಿಡೀತದೆ. ಆದರೆ ಹೊಸ ಸಿಮೆಂಟು ಬಂದಾಗಲೂ ನಾವು ಬುಟ್ಟಿ ಹೊರೋದಕ್ಕೇ ಉಳಿಯಬಾರದು. ಐಟಿಐ, ಡಿಪ್ಲೊಮಾ ಓದುವ ತಮ್ಮ ತಂಗಿಯರು ಈ ಮಣ್ಣಿನ ರಸಾಯನಶಾಸ್ತ್ರ ಕಲೀಬೇಕು. ಅದಕ್ಕೂ ಮೊದಲು ಒಂದು ಕೆಲಸ ಐತೆ. ಡ್ಯಾಮು, ಕಾಲುವೆ ಕೆಲಸಕ್ಕೆ ಹೋಗಿದ್ದ ಅಜ್ಜ ಅಜ್ಜಿಯರ ಮಾತು ಯಾವ ಮನೆಯಲ್ಲಾದರೂ ಉಳಿದಿದ್ದರೆ, ಕೇಳಿ ಬರೆದಿಡಿ. ಹೆಸರಿನ ಸಮೇತ.