ಸಿಮ್ಲಾ ಸೇಬು ಸವದತ್ತಿಗೆ ಬಂದೀತೇನು?

ಮೊನ್ನೆ ಒಬ್ಬಾತ ಸೇಬಿನ ಸಸಿ ಮಾರಾಕ ನಮ್ಮ ಹೊಲಕ್ಕ ಬಂದಿದ್ದ. "ಯಾವ ತಳಿ?" ಅಂದೆ. "ಸಿಮ್ಲಾದ್ದರೀ" ಅಂದ. ವಾಪಸ್ ಕಳಿಸಿದೆ.

ಯಾಕಂದ್ರ, ಸಿಮ್ಲಾ ಕಡೆಯ ಕೆಂಪು ಡೆಲಿಷಿಯಸ್ ಹುಟ್ಟಿದ್ದು ಅಮೆರಿಕದ ಅಯೋವಾದಲ್ಲಿ. 1916ರ ಸುಮಾರಿಗೆ ಸ್ಯಾಮ್ಯುಯೆಲ್ ಸ್ಟೋಕ್ಸ್ ಅದನ್ನ ಹಿಮಾಚಲದ ಕೋಟಗಢಕ್ಕೆ ತಂದರು. ಹಣ್ಣು ಬಲು ಸಿಹಿ. ಆದರ 7 ಡಿಗ್ರಿಗಿಂತ ಕಡಿಮೆ ಚಳಿ ಸುಮಾರು ಸಾವಿರ ತಾಸು ಸಿಗದಿದ್ರ ಸರಿಯಾಗಿ ಹೂ ಬಿಡೂದಿಲ್ಲ. ಬೈಲಹೊಂಗಲ, ರಾಮದುರ್ಗದಾಗ ಅಷ್ಟು ಚಳಿ ಎಲ್ಲೈತಿ?

ಚಳಿ ಕಡಿಮೆ ಇರುವ ನೆಲಕ್ಕಂತ ಇಸ್ರೇಲಿನವರು 'ಅನ್ನಾ' ತಳಿ ಮಾಡಿದ್ರು. ಹುಳಿ-ಸಿಹಿ, ತಿನ್ನಾಕ ಗರಿಗರಿ. ಬಹಳ ದಿನ ಇಟ್ರ ಮೆತ್ತಗಾಗ್ತೈತಿ. ಪರಾಗಕ್ಕ ಜೋಡಿ ಗಿಡ ಬೇಕು, ಹಳದಿ ಹಣ್ಣಿನ 'ಡಾರ್ಸೆಟ್ ಗೋಲ್ಡನ್' ಅದಕ್ಕ ಹೊಂದತೈತಿ. ಹಿಮಾಚಲದ ಬಿಲಾಸಪುರದ ಹರಿಮನ್ ಶರ್ಮಾ ಬಿಸಿಲು ತಾಳುವ ಎಚ್‌ಆರ್‌ಎಂಎನ್-99 ಬೆಳೆಸಿದರು. 2025ರಲ್ಲಿ ಪದ್ಮಶ್ರೀ ಬಂತು. ನಮ್ಮ ಬಾಜೂಕಿನ ಬಾಗಲಕೋಟಿ ಜಿಲ್ಲಾದ ಕುಳಲಿಯಾಗೂ ಸೇಬು ಬಿಟ್ಟಾವ.

ಹಚ್ಚೋರಿದ್ರ ಮೊದಲು ನೀರು ಬಸಿಯೋ ಮಸಾರಿ ನೆಲದಾಗ, ಕಿತ್ತೂರ ಕಡೆ, ನಾಲ್ಕೈದು ಗಿಡ ಹಚ್ಚಿ ನೋಡ್ರಿ. ಸವದತ್ತಿ ಎರಿ ಹೊಲದಾಗ ನೀರು ನಿಂತ್ರ ಬೇರು ಕೊಳೀತಾವ. ತಳಿ ಹೆಸರು ರಸೀದಿ ಮ್ಯಾಲ ಬರೆದು ಕೊಡದವರ ಕಡೆ ಮಾತ್ರ ಸಸಿ ತಗೋಬ್ಯಾಡ್ರಿ.